ಮೂರೂರಿಗೊಂದು ಟೈಪ್‌ರೈಟರ್

ನನಗೆ ನೌಕರಿ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ನಮ್ಮ ಸುತ್ತಲಿನ ಮೂರು ಊರುಗಳಿಗೆ ಒಂದೊಂದು ಟೈಪ್‌ರೈಟರ್ ಕೊಳ್ಳುವ ತಾಕತ್ತು ಇರಲಿಲ್ಲವಲ್ಲ, ಅದರಿಂದ. ಇದನ್ನು ಯಾರ ಮುಂದೆ ಹೇಳಿದರೂ ನಗುತ್ತಾರೆ. ನಗಲಿ ಬಿಡಿ.

ಎಪ್ಪತ್ತರ ದಶಕದಲ್ಲಿ ನಮ್ಮ ನವಲಗುಂದ ಕಡೆಯ ಪಂಚಾಯ್ತಿ ಎಂದರೆ ಒಂದು ಕೋಣೆ, ಒಂದು ಕಬ್ಬಿಣದ ಪೆಟ್ಟಿಗೆ, ಕಾಲು ಕುಂಟುವ ಒಂದು ಮೇಜು. ಅಂಥದ್ದರಲ್ಲಿ ತಾಲೂಕು ಬೋರ್ಡಿನವರು, ಇನ್ನು ಮೇಲೆ ಕಾಗದಪತ್ರವೆಲ್ಲ ಕನ್ನಡದಲ್ಲಿ, ಅದೂ ಟೈಪಾಗಿ ಬರಬೇಕು ಎಂದು ಹಟ ಹಿಡಿದರು. ನಮ್ಮೂರ ಸೆಕ್ರೆಟರಿಯ ಕೈಬರಹದ ಅರ್ಜಿಯೊಂದು, ಇದು ಕನ್ನಡವೋ ಮೋಡಿ ಲಿಪಿಯೋ ತಿಳಿಯದು ಎಂಬ ಷರಾ ಹೊತ್ತು ತಿರುಗಿ ಬಂದಿತ್ತು. ಆತ ಅದನ್ನು ಎಲ್ಲರಿಗೂ ತೋರಿಸಿ ಬೇಸರಪಟ್ಟ. ಆದರೆ ಅದನ್ನು ನೋಡಿದವರಿಗೆಲ್ಲ ಬೋರ್ಡಿನವರ ಮಾತೇ ಸರಿ ಅನ್ನಿಸಿತು.

ಒಂದು ಊರಿನಿಂದ ಆಗದ ಕೆಲಸವನ್ನು ಮೂರು ಊರು ಕೂಡಿ ಮಾಡಿದರೆ ಅರ್ಧ ಖರ್ಚು ತಾವು ಕೊಡುವುದಾಗಿ ಬೋರ್ಡಿನವರೇ ಹೇಳಿದರು. ಮೂರು ಊರೆಂದರೆ ನಮ್ಮದು, ಹಳ್ಳದ ಆಚೆಯದು, ಮತ್ತೆ ರೈಲು ಹಳಿಯ ಬದಿಯದು. ನಮ್ಮ ಪಂಚಾಯ್ತಿಯ ಚೇರ್ಮನ್ನರು ಊರ ಗೌಡರು, ದೊಡ್ಡ ದನಿ, ದೊಡ್ಡ ಮೀಸೆ. ಹಳ್ಳದಾಚೆಯ ಚೇರ್ಮನ್ನರು ಹತ್ತಿ ವ್ಯಾಪಾರ ಮಾಡುವ ಮುಸ್ಲಿಂ ಹಿರಿಯರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ರೈಲು ಬದಿಯವರು ಪೆನ್ಶನ್ ತೆಗೆದುಕೊಳ್ಳುತ್ತಿದ್ದ ಮಾಸ್ತರರು, ಮಾತಾಡುವ ಮೊದಲು ಗಂಟಲು ಸರಿ ಮಾಡಿಕೊಳ್ಳುವವರು. ದನ ಮೇಯಿಸುವ ಜಾಗ, ಹಳ್ಳದ ಮರಳು, ಬಂಡಿ ಹಾದಿ, ಹೀಗೆ ಈ ಮೂರೂ ಊರಿನವರು ಜಗಳಾಡದ ವಿಷಯವೇ ಇರಲಿಲ್ಲ. ಆದರೂ ಹೊಲ ಹರಗುವ ದಿನಗಳಲ್ಲಿ ಒಬ್ಬರ ಎತ್ತು ಇನ್ನೊಬ್ಬರ ಹೊಲದಲ್ಲಿರುತ್ತಿತ್ತು. ನಮ್ಮ ಕಡೆ ಜಗಳ ಬೇರೆ, ಎತ್ತು ಬೇರೆ.

ಯಂತ್ರ ಕೊಳ್ಳಲು ಮೂವರೂ ಹುಬ್ಬಳ್ಳಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಹುಬ್ಬಳ್ಳಿಯ ಚಿಗವ್ವನ ಮನೆಯಲ್ಲಿದ್ದು ಕನ್ನಡ ಟೈಪಿಂಗ್ ಕಲಿತ ಹುಡುಗಿ ಸುತ್ತಲಿನ ಊರಲ್ಲಿ ನಾನೊಬ್ಬಳೇ. ಅಂಗಡಿಯಲ್ಲಿ ಗೌಡರು ಟೈಪ್‌ರೈಟರಿನ ಸುತ್ತ ಒಂದು ಸುತ್ತು ಹಾಕಿದರು. ಅದರ ಬೆನ್ನ ಮೇಲೆ ಕೈಯಾಡಿಸಿದರು. ಬಗ್ಗಿ ಹೊಟ್ಟೆಯೊಳಗೆ ಇಣುಕಿದರು.

"ಹಲ್ಲ ಹಿಡದ ನೋಡ್ತೀರೇನ್ರಿ ಗೌಡ್ರ?" ಎಂದು ಮಾಸ್ತರರು ಕೆಣಕಿದರು.

"ನೋಡೂದಽ. ಸುಮ್ನ ಚೀಲಕ್ಕ ಹಾಕ್ಕೊಂಡ ಹೋಗಾಕ ಇದೇನ ಬದನಿಕಾಯಿ ಏನ್ರಿ?" ಎಂದರು ಗೌಡರು.

ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು, ಅಂಗಡಿಯವನ ಕೈಯ ಮೇಲೆ ಹೊದಿಸಿ, ಅಡಿಯಲ್ಲಿ ಅವನ ಬೆರಳು ಹಿಡಿದರು. ಹತ್ತಿ ಪೇಟೆಯಲ್ಲಿ, ದನದ ಸಂತೆಯಲ್ಲಿ ದರ ಮಾತಾಡುವ ರೀತಿ ಅದು; ಬಾಯಿ ಬಿಡುವಂತಿಲ್ಲ, ಬೆರಳೇ ಲೆಕ್ಕ. ಅಂಗಡಿಯವನು ಬೂಟು ಹಾಕಿದ ಪೇಟೆಯ ಮನುಷ್ಯ, ಗಾಬರಿಯಾಗಿ ಕೈ ಎಳೆದುಕೊಂಡ. ಇಲ್ಲಿ ಒಂದೇ ದರ, ಗೋಡೆಯ ಮೇಲೆ ಬರೆದಿದೆ ಎಂದ. ಕಾಕಾ ಗೋಡೆಯನ್ನು ನೋಡಿದರು, ಅವನನ್ನು ನೋಡಿದರು. ಬೆರಳಿಲ್ಲದ ವ್ಯಾಪಾರ ಎಂಥ ವ್ಯಾಪಾರ ಎಂಬ ಮರುಕ ಅವರ ಮುಖದಲ್ಲಿತ್ತು. ಕೊನೆಗೆ ಆ ದರಕ್ಕೆ ಹೂಂ ಅನ್ನಬೇಕೋ ಬಿಡಬೇಕೋ ಎಂಬುದನ್ನಾದರೂ ರೀತಿ ಪ್ರಕಾರ ತೀರ್ಮಾನಿಸೋಣ ಎಂದು ಮೂವರು ಚೇರ್ಮನ್ನರೂ ಅದೇ ಟವೆಲ್ಲಿನಡಿ ಪರಸ್ಪರ ಕೈ ಹಾಕಿಕೊಂಡು ಕೂತರು. ಬೆರಳುಗಳು ಅತ್ತಿತ್ತ ಹೊರಳಾಡಿದವು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ.

ಅಷ್ಟರಲ್ಲಿ ಅಂಗಡಿಯವನು ನನ್ನನ್ನು ಯಂತ್ರದ ಮುಂದೆ ಕೂರಿಸಿ, ಏನಾದರೂ ಹೊಡೆದು ತೋರಿಸು ಎಂದ. ಏನು ಹೊಡೆಯಲಿ? ಮೂರು ಊರಿನ ಹೆಸರನ್ನೂ ಒಂದರ ಕೆಳಗೊಂದು ಹೊಡೆದೆ. ಹಾಳೆಯನ್ನು ಮೂವರ ಮುಂದೆ ಹಿಡಿದೆ. ಪಂಚಾಂಗದಲ್ಲಿ ಕಾಶಿ, ಶ್ರೀಶೈಲದ ಹೆಸರು ಕಾಣುವ ಹಾಗೆ ತಮ್ಮೂರಿನ ಹೆಸರು ಕಪ್ಪಗೆ, ನೇರಕ್ಕೆ ನಿಂತಿದ್ದನ್ನು ಅವರು ಮೊದಲ ಸಲ ನೋಡಿದ್ದು. ಕಾಕಾ ಟವೆಲ್ ಮಡಿಚಿ ಹೆಗಲಿಗೆ ಹಾಕಿಕೊಂಡರು.

"ಇದಽ ಇರ್ಲಿ," ಎಂದರು ಗೌಡರು. ಎದ್ದು ಹೊರಡುವಾಗ ಅವರಿಗೆ ಏನೋ ನೆನಪಾಯಿತು. "ಇದಕ್ಕ ಎಣ್ಣಿ ಬೇಕೇನ್ರಿ?"

"ಆಗಾಗ ಒಂದ್ ಹನಿ ಸಾಕ್ರಿ. ಎಣ್ಣಿ ಡಬ್ಬಿನೂ ಜೋಡಿ ಇಟ್ಟೀನಿ," ಎಂದ ಅಂಗಡಿಯವನು.

ಯಂತ್ರ ಬಂತು. ಎಲ್ಲಿಡಬೇಕು ಎಂಬುದಕ್ಕೆ ಸಹಜವಾಗಿಯೇ ಜಗಳ ಬಂತು. ಅದನ್ನು ಬಗೆಹರಿಸಿದ್ದು ಸಂತೆ. ಮೂರೂ ಊರಿಗೆ ಬೇರೆ ಬೇರೆ ದಿನ ಸಂತೆ. ಯಾವ ಊರಲ್ಲಿ ಸಂತೆಯೋ ಆ ದಿನ ಯಂತ್ರ ಆ ಊರಲ್ಲಿ. ಸುತ್ತಲಿನ ಮಂದಿ ಕಾಯಿಪಲ್ಯೆ ಕೊಳ್ಳಲು ಬಂದವರು ಅರ್ಜಿಯನ್ನೂ ಹೊಡೆಸಿಕೊಂಡು ಹೋಗಲಿ. ಯಂತ್ರವನ್ನು ಮುಂದಿನ ಊರಿಗೆ ಮುಟ್ಟಿಸುವುದು ಇಟ್ಟುಕೊಂಡ ಊರಿನ ಕೆಲಸ; ನನಗೆ ಆ ದಿನದ ಊಟವೂ ಅಲ್ಲಿನ ಚೇರ್ಮನ್ನರ ಮನೆಯಲ್ಲೇ. ಟೈಪ್‌ರೈಟರನ್ನು ಕೌದಿಯಲ್ಲಿ ಸುತ್ತಿ ಬಂಡಿಯಲ್ಲಿಡುತ್ತಿದ್ದರು, ನಾನು ಅದರ ಬದಿಗೆ ಕೂರುತ್ತಿದ್ದೆ. ಎರೆಹೊಲದ ಹಾದಿಯಲ್ಲಿ ಬಂಡಿ ಎಗರಿದಾಗಲೆಲ್ಲ ಯಂತ್ರವನ್ನು ಕೂಸಿನಂತೆ ತಬ್ಬಿ ಹಿಡಿಯುತ್ತಿದ್ದೆ. ಶಲವಡಿ ಕಡೆಯಿಂದ ಬರುವ ಮಂದಿ, "ಏನವಾ, ಮಿಷನ್ನು ತವರಿಗೆ ಹೊಂಟೈತೋ, ಗಂಡನ ಮನಿಗೋ?" ಎಂದು ಚಾಷ್ಟಿ ಮಾಡುತ್ತಿದ್ದರು. ನಾನೂ ಸುಮ್ಮನಿರುವ ಪೈಕಿಯಲ್ಲ, "ನಿಮ್ಮೂರಿಗೆ ಮಾತ್ರ ಬರೂದಿಲ್ರಿ," ಎನ್ನುತ್ತಿದ್ದೆ.

ನನ್ನ ನೇಮಕದ ಆದೇಶದಲ್ಲಿ ಒಂದು ಮಾತಿತ್ತು: ಯಂತ್ರವು ಮೂರು ಪಂಚಾಯ್ತಿಗಳ ಕೈಯಲ್ಲಿ ಇರುವವರೆಗೆ ಮಾತ್ರ ಈ ಕೆಲಸ. ಅಂದರೆ ಯಂತ್ರ ಹೋದರೆ ನಾನೂ ಮನೆಗೆ. ಅತ್ತ ದೊಡ್ಡಪ್ಪ ಆಗಲೇ ನನಗೆ ಕಲಘಟಗಿ ಕಡೆಯ ಒಂದು ಗಂಡು ನೋಡಿ ಇಟ್ಟುಕೊಂಡಿದ್ದರು. ಹುಡುಗನಲ್ಲಿ ಏನೂ ಊನವಿರಲಿಲ್ಲವಂತೆ. ನನಗೆ ಅವನ ಮುಖ ಗೊತ್ತಿರಲಿಲ್ಲ, ಅಷ್ಟೇ. ಟೈಪ್‌ರೈಟರಿನ ಒಂದೊಂದು ಅಕ್ಷರದ ಮುಖವೂ ಗೊತ್ತಿತ್ತು. ನೌಕರಿ ಇದೆ ಎಂಬ ಒಂದೇ ಮಾತಿನ ಮೇಲೆ ಅವ್ವ ದೊಡ್ಡಪ್ಪನನ್ನು ತಡೆದು ನಿಲ್ಲಿಸಿದ್ದಳು. ನನಗೆ ಈ ಕೆಲಸ ಬೇಕಾಗಿತ್ತು. ಬಂಡಿಯ ಮೇಲೆ ಕೂತು ಮೂರೂರು ತಿರುಗುವುದು, ಮಂದಿ ಬಾಯಲ್ಲಿ ಹೇಳಿದ ಕಷ್ಟ ನನ್ನ ಬೆರಳಿನಲ್ಲಿ ಅಕ್ಷರವಾಗುವುದು, ಇದಕ್ಕಿಂತ ಹೆಚ್ಚಿನದನ್ನು ನಾನು ಆಗ ಬಯಸಿರಲಿಲ್ಲ. ನಿಜ ಹೇಳಬೇಕೆಂದರೆ ಆಮೇಲೂ ಬಹಳ ಬಯಸಲಿಲ್ಲ.

ಸುಗ್ಗಿ ಬಂದಾಗ ಎಲ್ಲರೂ ಹೊಲಕ್ಕೆ ಬಿದ್ದರು. ಅರ್ಜಿ ಬರೆಸಲು ಯಾರಿಗೂ ಪುರಸೊತ್ತಿಲ್ಲ, ಬಂಡಿಗಳಿಗೂ ಬಿಡುವಿಲ್ಲ. ಯಂತ್ರ ಗೌಡರ ಪಡಸಾಲೆಯಲ್ಲಿ ಕೌದಿ ಹೊದ್ದು ಕೆಲವು ವಾರ ಸುಮ್ಮನೆ ಕೂತಿತು. ಶಿವರಾತ್ರಿ ಕಳೆದು, ಬಿಸಿಲು ಏರಿ, ಮತ್ತೆ ಅದರ ಮುಂದೆ ಕೂತು ಮೊದಲ ಅಕ್ಷರ ಒತ್ತಿದರೆ ಅದರ ಕಡ್ಡಿ ಅರ್ಧಕ್ಕೆ ಎದ್ದು ನಿಂತಿತು. ಬೆರಳಿನಿಂದ ಕೆಳಗೆ ತಳ್ಳಿದೆ. ಇನ್ನೊಂದು ಒತ್ತಿದೆ, ಅದೂ ನಿಂತಿತು. ಜೋರಾಗಿ ಒತ್ತಿದರೆ ಹಾಳೆಯವರೆಗೆ ಹೋಗುತ್ತಿತ್ತು, ತಿರುಗಿ ಬರುತ್ತಿರಲಿಲ್ಲ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹಳ್ಳದಾಚೆಯವರು ಬಂಡಿ ದಾಟಿಸುವಾಗ ಯಂತ್ರ ನೀರಿಗೆ ಬಿದ್ದಿರಬೇಕು ಎಂದು ನಮ್ಮೂರಲ್ಲಿ ಅಂದರು. ಗೌಡರ ಮನೆಯ ಮೊಮ್ಮಕ್ಕಳು ಕುಟ್ಟಿ ಕುಟ್ಟಿ ಕೆಡಿಸಿದವು ಎಂದು ಹಳ್ಳದಾಚೆ ಅಂದರು. ರೈಲು ಬದಿಯ ಊರಲ್ಲಿ ಸ್ಟೇಷನ್ನಿನ ಕಲ್ಲಿದ್ದಲ ಹೊಗೆ ಕೂತಿದೆ ಎಂದು ಉಳಿದ ಎರಡೂ ಊರು ಕೂಡಿ ಅಂದವು. ಹುಬ್ಬಳ್ಳಿಗೆ ಒಯ್ದು ತೋರಿಸಬಹುದಿತ್ತು. ಆದರೆ ಯಾವ ಊರು ಒಯ್ಯುತ್ತದೋ ಅದೇ ಕೆಡಿಸಿದ ಊರು ಎಂದಾಗುತ್ತದಲ್ಲ! ಹಾಗಾಗಿ ಒಬ್ಬರೂ ಮುಟ್ಟಲಿಲ್ಲ. ಮೂವರ ನಡುವೆ ಕೂಸು ಬಡವಾಯಿತು.

ಬೋರ್ಡಿನ ಅಧಿಕಾರಿ ಒಂದು ದಿನ ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು, ಮೆಲು ಮಾತಿನವರು. ಕೆಟ್ಟ ಮನುಷ್ಯರಲ್ಲ, ಆದರೆ ಕಾಗದ ಬಿಟ್ಟು ಬೇರೆ ಯಾವುದನ್ನೂ ನಂಬುತ್ತಿರಲಿಲ್ಲ. ಯಂತ್ರ ನೋಡಿದರು, ಮೂವರು ಚೇರ್ಮನ್ನರ ಬಿಗಿದ ಮುಖ ನೋಡಿದರು.

"ನೋಡಿ, ಮುಂದಿನ ವಾರ ಈ ಊರ ಸಂತೆಗೆ ಮತ್ತೆ ಬರ್ತೀನಿ. ಅಷ್ಟರಲ್ಲಿ ಇದು ರಿಪೇರಿ ಆಗಿರಬೇಕು. ಇನ್ನು ಮುಂದೆ ಕೆಟ್ಟರೆ ಯಾರು ಹೊಣೆ ಅನ್ನೋದನ್ನ ಬರೆದು ಸಹಿ ಮಾಡಿ ಕೊಡಬೇಕು. ಇಲ್ಲದಿದ್ದರೆ ಮೆಷಿನ್ ತಾಲೂಕು ಆಫೀಸಿಗೆ ತಗೊಂಡು ಹೋಗ್ತೀನಿ. ಅಲ್ಲಿ ಟೈಪಿಸ್ಟ್ ಇದ್ದಾರೆ," ಎಂದರು.

ಕೊನೆಯ ಮಾತನ್ನು ಅವರು ನನ್ನನ್ನು ನೋಡದೆ ಹೇಳಿದರು. ಅದಕ್ಕೇ ಅವರು ಕೆಟ್ಟವರಲ್ಲ ಎಂದೆ.

ಅವತ್ತು ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮಾಡದಲ್ಲಿನ ಎಣ್ಣೆ ತಂಬಿಗೆ ಕೊಡು ಎಂದಳು. ಎತ್ತಲು ಹೋದರೆ ಬರಲೇ ಇಲ್ಲ, ಬುಡ ಕಲ್ಲಿಗೆ ಅಂಟಿಕೊಂಡಿತ್ತು. ನನಗೆ ಮೊದಲೇ ಸಿಟ್ಟು, ಎರಡೂ ಕೈಯಿಂದ ಎಳೆದೆ. ಚಟ್ಟೆಂದು ಕಿತ್ತು ಬಂತು.

"ಸಾವಕಾಶ! ನಿನ್ನ ಸಿಟ್ಟ ಅದರ ಮ್ಯಾಲ್ಯಾಕ? ಕುಸುಬಿ ಎಣ್ಣಿ ಸೋರಿದ್ದು ವರಸ್ಲಿಲ್ಲಂದ್ರ ಹಂಗಽ, ಅಂಟ ಆಗಿ ಕುಂದರತೈತಿ," ಎಂದಳು ಅವ್ವ.

ನಾನು ಮಾಡದ ಕಲ್ಲಿನ ಮೇಲೆ ಬೆರಳಾಡಿಸಿದೆ. ಹಳದಿ, ದಪ್ಪ, ಮೇಲೆ ಒಣಗಿದ ಹಾಗೆ, ಒಳಗೆ ಜಿಗುಟು. ಈ ಜಿಗುಟು ನನಗೆ ಗೊತ್ತಿತ್ತು. ನಿಂತ ಅಕ್ಷರದ ಕಡ್ಡಿಯನ್ನು ಕೆಳಗೆ ತಳ್ಳುವಾಗ ಬೆರಳಿಗೆ ಹತ್ತಿದ್ದು ಇದೇ. ತಂಬಿಗೆಯನ್ನು ಅವ್ವನ ಮುಂದೆ ಕುಕ್ಕಿ, ಚಪ್ಪಲಿ ಕೂಡ ಹಾಕಿಕೊಳ್ಳದೆ ಗೌಡರ ಮನೆಗೆ ಓಡಿದೆ. ಪಡಸಾಲೆಯಲ್ಲಿ ಕೌದಿ ಸರಿಸಿ ಯಂತ್ರದ ಹೊಟ್ಟೆಗೆ ಮೂಗು ಹಚ್ಚಿದೆ. ಒಗ್ಗರಣೆಯ ವಾಸನೆ! ಸರ್ಕಾರದ ಟೈಪ್‌ರೈಟರಿನಿಂದ ನಮ್ಮ ಅಡುಗೆಮನೆಯ ವಾಸನೆ ಬರುತ್ತಿತ್ತು.

ಮರುದಿನ ನಮ್ಮೂರ ಸಂತೆ, ಮೂವರೂ ಸಿಗುವ ದಿನ. ಚೇರ್ಮನ್ನರು ಚಾವಡಿ ಕಟ್ಟೆಯ ಮೇಲೆ ಮೂರು ಮೂಲೆಗೆ ಕೂತಿದ್ದರು. ನಾನು ಎದುರಿಗೆ ನಿಂತು ಕೇಳಿದೆ:

"ತಪ್ಪ ತಿಳೀಬ್ಯಾಡ್ರಿ. ಮಿಷನ್ ಮುಂದಿನ ಊರಿಗೆ ಕಳಸೂ ಮುಂದ ಅದಕ್ಕ ಎಣ್ಣಿ ಯಾರ್ಯಾರು ಹಚ್ಚತಿದ್ರಿ?"

ಮೂವರ ಮುಖವೂ ಕೆಂಪಾಯಿತು. ನಾನು ಕೇಳಿದ್ದನ್ನು ಅವರು ಬೇರೆಯೇ ರೀತಿ ತೆಗೆದುಕೊಂಡಿದ್ದರು. ಎಣ್ಣೆ ಹಚ್ಚದೆ ಕಳಿಸಿದ್ದರಿಂದ ಯಂತ್ರ ಕೆಟ್ಟಿತು ಎಂದು ನಾನು ಆರೋಪ ಮಾಡುತ್ತಿದ್ದೇನೆ ಎಂದೇ ಅವರ ಲೆಕ್ಕ.

ಅದಕ್ಕೆ ಕಾರಣವಿತ್ತು. ನಮ್ಮ ಕಡೆ ಮಂದಿಯ ಬಂಡಿ ತಂದರೆ ಕೀಲಿಗೆ ಎಣ್ಣೆ ಹಾಕದೆ ಮರಳಿಸುವುದಿಲ್ಲ. ಎತ್ತು ತಂದರೆ ಹೊಟ್ಟೆ ತುಂಬ ಮೇಯಿಸದೆ ಕಳಿಸುವುದಿಲ್ಲ. ಪಾತ್ರೆ ತಂದರೆ ಬರಿದು ಕೊಡುವುದಿಲ್ಲ, ಒಂದು ಹಿಡಿ ಜೋಳವಾದರೂ ಒಳಗಿರಬೇಕು. ಒಣ ಕೀಲಿನ ಬಂಡಿ ಕೀರಲಿಡುತ್ತ ಮನೆಗೆ ಬಂದರೆ, ಕಳಿಸಿದ ಮನೆತನದ ಮರ್ಯಾದೆ ಊರ ತುಂಬ ಕೀರಲಿಟ್ಟ ಹಾಗೆ. ಇವರ ಮೇಲೆ ಈಗ ಬಂದಿದೆಯೆಂದು ಇವರು ತಿಳಿದದ್ದು ಆ ಆರೋಪ.

ಗೌಡರು ಎದ್ದೇ ನಿಂತರು. "ಏನಂದಿ? ನಾ ಒಣಾ ಕಳಿಸೀನೇನು? ನವಿಲಗರಿ ಅದ್ದಿ ಅದ್ದಿ ಖುದ್ದ ನಾನಽ ಹಚ್ಚೀನಿ. ಡಬ್ಬಿ ಖಾಲಿ ಆದ ಮ್ಯಾಲೂ ಬಿಟ್ಟಿಲ್ಲ. ಬಂಡಿಗೆ ಹಾಕೂ ಕರೀ ಎಣ್ಣಿ ಹಚ್ಚಿಲ್ಲ ಮತ್ತ, ಅಕ್ಷರ ಬರಿಯೂ ವಸ್ತು ಅಂತ ನಮ್ಮ ಗಾಣದ ಕುಸುಬಿ ಎಣ್ಣಿ ಹಚ್ಚೀನಿ!"

ಮಾಸ್ತರರು ಗಂಟಲು ಸರಿ ಮಾಡಿಕೊಂಡರು. "ನಾ ಮಸಿ ಹಾಕೂ ಪಿಲ್ಲರ್ ತೊಳದು, ಅದರಲೆ ಒಂದೊಂದ ಅಕ್ಷರದ ಬುಡಕ್ಕ ಬಿಟ್ಟೀನ್ರಿ. ಅದಽ ಎಣ್ಣಿ. ಹೊಸಾದು."

"ನಮ್ಮಲ್ಲಿ ಅಮ್ಮಾ ಹಚ್ಚತಾಳ," ಎಂದರು ಕಾಕಾ ಶಾಂತವಾಗಿ. "ಮಂದೀ ಮಿಷನ್ನು, ನಮ್ಮನ್ಯಾಗಿಂದ ಒಣಾ ಹೋಗಬಾರ್ದು ಅಂತಾಳ. ಬ್ಯಾರೆ ಯಾರ್ನೂ ಮುಟ್ಟಗೊಡೂದಿಲ್ಲ."

ನಾನು ನಗತೊಡಗಿದೆ. ಆಮೇಲೆ ಕಣ್ಣಲ್ಲಿ ನೀರು ಬಂತು, ಆಮೇಲೆ ಮತ್ತೆ ನಗು. ಸಂತೆಗೆ ಬಂದವರೆಲ್ಲ, ಈ ಹುಡುಗಿಗೆ ಏನಾಯಿತು ಎಂದು ನಿಂತು ನೋಡಿದರು. ಊಟಕ್ಕೆ ಕೂತಾಗಲೆಲ್ಲ ನನ್ನ ಬೆನ್ನ ಹಿಂದೆ ನಡೆಯುತ್ತಿದ್ದುದು ಇದು! ಯಾರ ಮನೆಯಲ್ಲಿ ನಾನು ಊಟ ಮಾಡುತ್ತಿದ್ದೆನೋ ಆ ಮನೆಯವರು ಅಷ್ಟರಲ್ಲಿ ಯಂತ್ರಕ್ಕೂ ಊಟ ಹಾಕಿ, ಕೌದಿ ಸುತ್ತಿ, ಬಂಡಿಗೆ ಏರಿಸುತ್ತಿದ್ದರು. ಕಣ್ಣೊರೆಸಿಕೊಂಡು ನಮ್ಮ ಮಾಡದ ತಂಬಿಗೆಯ ಕಥೆ ಹೇಳಿದೆ. ಒಬ್ಬರು ಹಚ್ಚಿದ್ದು ಆರುವ ಮೊದಲು ಇನ್ನೊಬ್ಬರು ಹಚ್ಚಿದ್ದು, ಸುಗ್ಗಿಯಲ್ಲಿ ಅದು ಒಣಗಿ ಅಂಟಾದದ್ದು, ಎಲ್ಲ ಹೇಳಿದೆ.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಕೆಡಿಸಿರಲಿಲ್ಲ. ಯಾರೂ ನೀರಿಗೆ ಹಾಕಿರಲಿಲ್ಲ, ಕುಟ್ಟಿರಲಿಲ್ಲ. ಎಲ್ಲರೂ ತಮ್ಮ ಮನೆಯ ಒಳ್ಳೆಯ ಎಣ್ಣೆಯನ್ನು ಮಂದಿಯ ಊರಿಗೆಂದು ಹಚ್ಚಿ ಕಳಿಸಿದ್ದರು.

"ಅಲ್ರೀ, ಅಗದಿ ಮಿರ್ಚಿ ಭಜಿ ಕರದಂಗ ಆಗೈತಿ," ಎಂದು ಗೌಡರು ನಗಲು ಶುರು ಮಾಡಿದರು. ಅವರ ನಗು ಸಂತೆಯ ಆ ತುದಿಗೆ ಕೇಳಿತು. ಕಾಕಾ ತಮ್ಮ ಮೂಲೆ ಬಿಟ್ಟು ಬಂದು ಗೌಡರ ಬಾಜೂಕ ಕೂತರು. ಮಾಸ್ತರರು ನಗಲಿಲ್ಲ, ಆದರೆ ಎಲೆ ಅಡಿಕೆ ಚಂಚಿ ಬಿಚ್ಚಿ ಇಬ್ಬರ ಮುಂದೂ ಹಿಡಿದರು. ಅದು ಅವರ ನಗು.

ಆಮೇಲಿನ ಕೆಲಸ ಸುಲಭ. ಎಣ್ಣೆಯ ಜಿಡ್ಡಿಗೆ ಚಿಮಣಿ ಎಣ್ಣೆಯೇ ಮದ್ದು, ಅಂದರೆ ಸೀಮೆಎಣ್ಣೆ. ಕಂದೀಲು ತಿಕ್ಕುವ ಯಾವ ಹೆಣ್ಣುಮಗಳಿಗಾದರೂ ಗೊತ್ತು. ರಬ್ಬರಿನ ರೋಲರಿಗೆ ತಾಗದಂತೆ ಅರಿವೆ ಸುತ್ತಿ, ಯಂತ್ರವನ್ನು ಗೌಡರ ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಬೇವಿನ ಕಡ್ಡಿ ಜಗಿದು ಬ್ರಶ್ ಮಾಡಿಕೊಂಡು ತಿಕ್ಕಿದೆ. ಅವ್ವ ಬಂದು ತಿಕ್ಕಿದಳು. ಮೂವರು ಚೇರ್ಮನ್ನರೂ ಧೋತರ ಮೇಲೆ ಕಟ್ಟಿ ಕಡ್ಡಿ ಹಿಡಿದರು. ಹಳದಿ ಅಂಟು ಸುರುಳಿ ಸುರುಳಿಯಾಗಿ ಎದ್ದು ಬಂತು. ತಿಕ್ಕಿ, ಒರೆಸಿ, ಬಿಸಿಲಿಗೆ ಒಣಗಿಸಿ, ಸಿಂಪಿಗರ ಅಂಗಡಿಯಿಂದ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ತಂದು ಬಿಟ್ಟೆ. ಒತ್ತಿದೆ. ಅಕ್ಷರದ ಕಡ್ಡಿ ಎದ್ದು ಹಾಳೆಗೆ ಹೊಡೆದು ಟಪ್ಪೆಂದು ತನ್ನ ಜಾಗಕ್ಕೆ ಬಂದು ಬಿತ್ತು. ಆ ಸದ್ದು ಕೇಳಿ ನನಗಾದಷ್ಟು ಹಗುರ ಯಾವ ಸಂಗೀತ ಕೇಳಿಯೂ ಆಗಿಲ್ಲ.

ಅಧಿಕಾರಿ ಹೇಳಿದ ಸಂತೆಗೆ ಬಂದರು. ನಾನು ಹೊಡೆದು ತೋರಿಸಿದೆ. ತಲೆಯಾಡಿಸಿ, "ಸರಿ. ಯಾವ ಊರು ಹೊಣೆ?" ಎಂದು ಕೇಳಿದರು.

ಇಷ್ಟೆಲ್ಲ ಆಗಿ ಇಲ್ಲಿ ಮತ್ತೆ ಎಡವುತ್ತಾರೇನೋ ಅಂದುಕೊಂಡೆ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಮೊಣಕಾಲ ಮೇಲೆ ಹರವಿದರು. ಮೂರು ಕೈ ಅದರಡಿ ಹೋದವು. ಅಧಿಕಾರಿ ಕಣ್ಣು ಬಿಟ್ಟು ನೋಡಿದರು. ಈ ಸಲ ಬೆರಳು ಬಹಳ ಹೊತ್ತು ಮಾತಾಡಲಿಲ್ಲ.

"ಬರಕೋ ತಂಗಿ," ಎಂದರು ಗೌಡರು ನನಗೆ. "ಯಾವ ಊರಾಗ ಕೆಟ್ರೂ ಮೂರೂ ಊರು ಹೊಣಿ."

ಬರೆದೆ. ಮೂವರೂ ಸಹಿ ಹಾಕಿದರು. ಅಧಿಕಾರಿ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ, "ಹೀಗೆ ಬರೆದುಕೊಟ್ಟಿದ್ದನ್ನ ನಾನು ಎಲ್ಲೂ ನೋಡಿಲ್ಲ," ಎಂದು, ಮಡಿಚಿ ಚೀಲದಲ್ಲಿಟ್ಟುಕೊಂಡರು. ಹೋಗುವಾಗ ಈ ಸಲ ನನ್ನನ್ನು ನೋಡಿ ಹೇಳಿದರು: "ನೀವೇ ಮುಂದುವರಿಸಿಯಮ್ಮ."

ಮುಂದಿನ ಸಂತೆ ಹಳ್ಳದಾಚೆ. ಕೆಲಸ ಮುಗಿಸಿ ಕಾಕಾನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅವರ ಅಮ್ಮಾ, ಹಲ್ಲೆಲ್ಲ ಉದುರಿದ ಮುದುಕಿ, ಎಣ್ಣೆಯ ಬಟ್ಟಲು ಹಿಡಿದು ಒಳಗಿನಿಂದ ಬರುತ್ತಿದ್ದುದು ಕಂಡಿತು. ನಾನು ಅರ್ಧ ಊಟ ಬಿಟ್ಟು ಎದ್ದೆ.

"ಅಮ್ಮಾ, ಬ್ಯಾಡ್ರೀ! ಮಿಷನ್ನಿಗೆ ಹಚ್ಚಬ್ಯಾಡ್ರೀ!"

"ಚೀರಬ್ಯಾಡ ಬೇಟಿ. ಅದಕ್ಕ ಬ್ಯಾಡಂತ ನನ್ನ ಮಗಾ ಹೇಳ್ಯಾನ," ಎಂದಳು ಆಕೆ. "ಉಂಡು ಕೈ ತೊಳಕೊಂಡ ಇಲ್ಲಿ ಬಂದು ಕುಂದ್ರು. ಜಡಿ ಬಿಚ್ಚು."

"ನನಗ್ಯಾಕ್ರಿ?"

"ಮೂರೂರು ಕೂಡಿ ತಂದದ್ದು ಅದೊಂದಽ ಏನು? ನೀ ಯಾರಾಕಿ ಮತ್ತ? ಒಣಾ ತಲೀಲೆ ಕಳಿಸಿದ್ರ ಆ ಊರಾವ್ರು ನನಗ ಏನಂದಾರು?"

ಕೊಬ್ಬರಿ ಎಣ್ಣೆ. ನೆತ್ತಿಗೆ ಹಾಕಿ ತಟ್ಟಿ, ತಿಕ್ಕಿ, ಎಳೆದು ಬಿಗಿಯಾಗಿ ಜಡೆ ಹೆಣೆದಳು. ನಾನು ತಲೆ ಬಗ್ಗಿಸಿ ಕೂತಿದ್ದೆ. ಸುಗ್ಗಿಯಿಂದ ಹಿಡಿದು ಎದೆಯಲ್ಲಿ ಗಂಟಾಗಿ ಕೂತಿದ್ದ ಹೆದರಿಕೆ ಆಕೆಯ ಬೆರಳಿಗೆ ಒಂದೊಂದೇ ಎಳೆಯಾಗಿ ಬಿಡುತ್ತ ಹೋಯಿತು. ಬಂಡಿ ಹೊರಟಾಗ ಯಂತ್ರ ಕೌದಿಯೊಳಗೆ ಒಣಗಿಯೇ ಇತ್ತು. ನನ್ನ ಕಿವಿಯ ಹಿಂದಿನಿಂದ ಎಣ್ಣೆ ಇಳಿಯುತ್ತಿತ್ತು.

ಮನೆಯಲ್ಲಿ ಅವ್ವ ನನ್ನ ಜಡೆ ಹಿಡಿದು ಮೂಸಿ ನೋಡಿದಳು. ಯಾರು ಹಚ್ಚಿದರು, ಏನಂದರು ಎಂದು ಕೇಳಿದಳು. ಹೇಳಿದೆ. ಕೇಳುತ್ತ ಹಿಟ್ಟು ನಾದಿದಳು. ಬೆಳಗಾದ ಮೇಲೆ ಕಲಘಟಗಿ ಗಂಡಿನ ವಿಷಯಕ್ಕೆ ದೊಡ್ಡಪ್ಪನಿಗೆ ಹೇಳಿ ಕಳಿಸಿದಳು:

"ಹುಡುಗಿ ಮೂರೂರಿಗೆ ಬೇಕಾಗ್ಯಾಳ. ನಾಕನೇ ಊರು ಸದ್ಯ ಬ್ಯಾಡ."